ನಾಕಿಂಗ್ ನಿಲ್ಲಿಸಿದ ಮಿಜ್ಲಿ

ಥಾಮಸ್ ಮಿಜ್ಲಿ ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವನು. 1889ರಲ್ಲಿ ಅಮೆರಿಕದಲ್ಲಿ ಹುಟ್ಟಿ, 1911ರಲ್ಲಿ ಕಾರ್ನೆಲ್‌ನಿಂದ ಮೆಕ್ಯಾನಿಕಲ್ ಡಿಗ್ರಿ ತಗೊಂಡ. ಜನರಲ್ ಮೋಟರ್ಸ್‌ಗೆ ಕೆಲಸ ಮಾಡ್ತಿದ್ದಾಗ ಅವನ ತಲೆ ತಿಂದ ಸಮಸ್ಯೆ ನಾಕಿಂಗ್. (ಮೆಕ್ ಫ್ರೆಂಡ್ಸ್‌ಗೆ ವಿವರಿಸಬೇಕಾಗಿಲ್ಲ!) 1921ರಲ್ಲಿ ಇಂಧನಕ್ಕೆ ಟೆಟ್ರಾಈಥೈಲ್ ಲೆಡ್, ಅಂದ್ರೆ ಸೀಸದ ಒಂದು ಸಂಯುಕ್ತ, ಚೂರೇ ಚೂರು ಬೆರೆಸಿದ. ಬಡಿತ ನಿಂತೇಹೋಯ್ತು. ಆಲ್ಕೋಹಾಲ್ ಕೂಡ ಅದೇ ಕೆಲಸ ಮಾಡುತ್ತೆ ಅಂತ ಅವನಿಗೆ ಗೊತ್ತಿತ್ತು. ಆದ್ರೆ ಸೀಸ ಅಗ್ಗ.

ನನಗೆ ಅರ್ಥ ಆಗದಿರೋದು ಮುಂದಿನದು. 1923ರಲ್ಲಿ ಸ್ವತಃ ಅವನಿಗೇ ಸೀಸದ ವಿಷ ಏರಿ, ರಜೆ ಹಾಕಿ ಫ್ಲಾರಿಡಾಗೆ ಹೋಗಿದ್ದ. ಮರುವರ್ಷ ನ್ಯೂಜೆರ್ಸಿಯ ಘಟಕದಲ್ಲಿ ಐವರು ಕಾರ್ಮಿಕರು ಸತ್ತರು. ಆಗ ಇವನು ಪತ್ರಕರ್ತರ ಎದುರು ಅದೇ ದ್ರವವನ್ನ ಕೈಮೇಲೆ ಸುರಿದುಕೊಂಡು, ಒಂದು ನಿಮಿಷ ಮೂಸಿ, ಏನೂ ಆಗಲ್ಲ ಅಂತ ತೋರಿಸಿದ!

1940ರಲ್ಲಿ ಪೋಲಿಯೊ ಬಂತು. ಹಾಸಿಗೆಯಿಂದ ಏಳೋಕೆ ಹಗ್ಗ, ರಾಟೆಗಳ ಸಾಧನ ಮಾಡಿಕೊಂಡ. 1944ರಲ್ಲಿ ಅದರಲ್ಲೇ ಉಸಿರುಕಟ್ಟಿ ಸತ್ತ. 55 ವರ್ಷ.

ಅವನ ಸೀಸ ಮಾತ್ರ ಹೊಗೆಯಾಗಿ ರಸ್ತೆ ಬದಿಯ ಮಣ್ಣು ಸೇರ್ತಾನೇ ಇತ್ತು. ಪುಟ್ಟ ಮಕ್ಕಳು ಮಣ್ಣಿನ ಕೈಯನ್ನ ಬಾಯಿಗೆ ಹಾಕ್ತಾರೆ. ನುಂಗಿದ ಸೀಸವನ್ನ ಅವರ ದೇಹ ದೊಡ್ಡವರಿಗಿಂತ 4-5 ಪಟ್ಟು ಹೀರುತ್ತೆ, ಕ್ಯಾಲ್ಸಿಯಂ ಅಂದ್ಕೊಂಡು ಮೂಳೆಯಲ್ಲಿ ಕೂಡಿಡುತ್ತೆ. ಬೆಳೆಯೋ ಮೆದುಳಿಗೆ ಪೆಟ್ಟು ಬೀಳ್ತಿದ್ರೂ ಮಗು ಆಡಿಕೊಂಡೇ ಇರಬಹುದು. ರಕ್ತ ಪರೀಕ್ಷೆ ಮಾಡಿದ್ರೇ ಗೊತ್ತಾಗೋದು. ಅಮೆರಿಕದಲ್ಲಿ 1976ರಿಂದ 1980ರವರೆಗೆ ಜನರ ರಕ್ತ ಅಳೆದಾಗ, ಪೆಟ್ರೋಲಿನಲ್ಲಿ ಸೀಸ ಕಡಿಮೆಯಾದ ಹಾಗೇ ಮಕ್ಕಳ ರಕ್ತದಲ್ಲೂ ಇಳಿದಿತ್ತು. ನಮ್ಮ ದೇಶದ ಬಂಕ್‌ಗಳಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ.