ಬೇಲಾ ಬಾರ್ಟೋಕ್

ಬೇಲಾ ಬಾರ್ಟೋಕ್ (25 ಮಾರ್ಚ್ 1881 – 26 ಸೆಪ್ಟೆಂಬರ್ 1945) ಹಂಗೇರಿ ದೇಶದ ಸಂಗೀತ ರಚನಕಾರರು, ಪಿಯಾನೋ ವಾದಕರು ಹಾಗೂ ಜಾನಪದ ಸಂಗೀತದ ವಿದ್ವಾಂಸರು. ಹಳ್ಳಿಗರ ಹಾಡುಗಳನ್ನು ಧ್ವನಿಮುದ್ರಿಸಿ, ಅವುಗಳ ಲಯವನ್ನು ಸೂಕ್ಷ್ಮವಾಗಿ ಅಳೆದು ಸ್ವರಲಿಪಿಯಲ್ಲಿ ದಾಖಲಿಸಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಬಾರ್ಟೋಕ್ ಜನಿಸಿದ ಊರು ಅಂದು ಹಂಗೇರಿಗೆ ಸೇರಿತ್ತು, ಇಂದು ರೊಮೇನಿಯದಲ್ಲಿದೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಇವರಿಗೆ ಶಾಲಾ ಶಿಕ್ಷಕಿಯಾಗಿದ್ದ ತಾಯಿಯೇ ಪಿಯಾನೋದ ಮೊದಲ ಗುರು. ಬುಡಾಪೆಸ್ಟ್‌ನ ಸಂಗೀತ ಅಕಾಡೆಮಿಯಲ್ಲಿ ವ್ಯಾಸಂಗ ಮಾಡಿ, 1907ರಲ್ಲಿ ಅಲ್ಲಿಯೇ ಪಿಯಾನೋ ಪ್ರಾಧ್ಯಾಪಕರಾದರು.

ಹಾಡುಗಳ ಸಂಗ್ರಹ

1905ರಲ್ಲಿ ಜೋಲ್ತಾನ್ ಕೊಡಾಯ್ ಅವರ ಪರಿಚಯವಾಯಿತು. ಆವರೆಗೆ ಹಂಗೇರಿಯ ಜನಪದ ಸಂಗೀತವೆಂದು ಪ್ರಚಾರದಲ್ಲಿದ್ದುದು ಬಹುಮಟ್ಟಿಗೆ ಪಟ್ಟಣಿಗರು ರಚಿಸಿದ ಜನಪ್ರಿಯ ಗೀತೆಗಳಾಗಿದ್ದವು. ನಿಜವಾದ ಹಳ್ಳಿಯ ಹಾಡುಗಳನ್ನು ಅರಸಿ ಇಬ್ಬರೂ ಮೇಣದ ಉರುಳೆಗಳ ಫೋನೋಗ್ರಾಫ್ ಯಂತ್ರದೊಡನೆ ಊರೂರು ಸುತ್ತಿದರು. ಬಾರ್ಟೋಕ್ ಸ್ಲೋವಾಕ್ ಮತ್ತು ರೊಮೇನಿಯನ್ ಹಾಡುಗಳನ್ನೂ ಸಂಗ್ರಹಿಸಿದರು. 1913ರಲ್ಲಿ ಅಲ್ಜೀರಿಯಕ್ಕೆ, 1936ರಲ್ಲಿ ಟರ್ಕಿಗೆ ತೆರಳಿದರು.

ಲಯದ ಅಧ್ಯಯನ

ಬಾರ್ಟೋಕ್ ಹಾಡುಗಳ ಲಯದಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಮಾತಿನ ಓಟವನ್ನನುಸರಿಸಿ ಹಿಗ್ಗುವ, ಕುಗ್ಗುವ ಲಯ ಒಂದು. ಕುಣಿತದಂತೆ ಹೆಜ್ಜೆ ತಪ್ಪದ ಲಯ ಮತ್ತೊಂದು. ಮೊದಲನೆಯದನ್ನು ಕೇಳಿದೊಡನೆ ಬರೆದುಕೊಳ್ಳುವುದು ಕಷ್ಟಸಾಧ್ಯ. ಗಾಯಕರು ಅದೇ ಹಾಡನ್ನು ಮತ್ತೆ ಹಾಡುವಾಗ ಅದು ಬದಲಾಗುತ್ತಿತ್ತು. ಧ್ವನಿಮುದ್ರಣವಾದರೋ ಎಷ್ಟು ಬಾರಿ ಕೇಳಿದರೂ ಬದಲಾಗದು. ಆದುದರಿಂದ ಇವರು ಅದನ್ನು ಮತ್ತೆ ಮತ್ತೆ ಕೇಳಿ ಸ್ವರಗಳ ಅವಧಿಯನ್ನು ನಿರ್ಧರಿಸುತ್ತಿದ್ದರು. ಹಾಡಿನ ವೇಗವನ್ನು ಮೆಟ್ರೋನೋಮ್‌ನ ಅಂಕಿಗಳಲ್ಲಿ ನಮೂದಿಸುತ್ತಿದ್ದರು.

ಬಲ್ಗೇರಿಯದ ಹಾಡುಗಳಲ್ಲಿ ಎರಡು ಮತ್ತು ಮೂರು ಮಾತ್ರೆಗಳ ಗಣಗಳು ಬೆರೆತು, ತಾಳದ ಪೆಟ್ಟುಗಳು ಸಮಾನ ಅಂತರದಲ್ಲಿ ಬೀಳುವುದಿಲ್ಲ. ಈ ಲಯವನ್ನು ಅರಿತ ಮೇಲೆ ಬಾರ್ಟೋಕ್ ತಮ್ಮ ಹಳೆಯ ರೊಮೇನಿಯನ್ ಮುದ್ರಣಗಳನ್ನು ಪುನಃ ಪರಿಶೀಲಿಸಿದರು. ಅಲ್ಲಿಯೂ ಅದೇ ಬಗೆಯ ಲಯವಿರುವುದನ್ನು ಕಂಡು ಸ್ವರಲಿಪಿಯನ್ನು ತಿದ್ದಿದರು. ಹಳ್ಳಿಗರ ಗಾಯನದಲ್ಲಿ ತಾಳದ ತಡವರಿಕೆಯೆಂದು ತೋರುವುದು ಖಚಿತವಾದ ಕಾಲಗಣನೆಯೇ ಆಗಿರಬಹುದೆಂಬುದು ಇದರಿಂದ ಸ್ಪಷ್ಟವಾಯಿತು. ಪಿಯಾನೋ ಕಲಿಯುವವರಿಗಾಗಿ ರಚಿಸಿದ 'ಮೈಕ್ರೋಕಾಸ್ಮೋಸ್' ಕೃತಿಯ ಕೊನೆಯಲ್ಲಿ ಬಲ್ಗೇರಿಯನ್ ಲಯದ ಆರು ನೃತ್ಯಗಳಿವೆ.

ಕೊನೆಯ ದಿನಗಳು

ನಾಜಿ ಆಡಳಿತದ ವಿರೋಧಿಯಾಗಿದ್ದ ಬಾರ್ಟೋಕ್ 1940ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದಲ್ಲಿ ಮುದ್ರಿಸಿದ್ದ ಹಾಡುಗಳಿಗೆ ಸ್ವರಲಿಪಿ ಬರೆದರು. ಆ ಗ್ರಂಥ ಅಚ್ಚಾದದ್ದು 1951ರಲ್ಲಿ. ಅದಕ್ಕೆ ಮೊದಲೇ, 1945ರಲ್ಲಿ, ಇವರು ರಕ್ತದ ಕ್ಯಾನ್ಸರ್‌ನಿಂದ ನ್ಯೂಯಾರ್ಕ್‌ನಲ್ಲಿ ನಿಧನರಾಗಿದ್ದರು. 1988ರಲ್ಲಿ ಇವರ ಪಾರ್ಥಿವ ಅವಶೇಷಗಳನ್ನು ಬುಡಾಪೆಸ್ಟ್‌ಗೆ ತಂದು ಸಮಾಧಿ ಮಾಡಲಾಯಿತು.