ಕೆಲಸದಲ್ಲೇ ಕಲಿಸಿದ ಡಾ. ವಿಕ್ರಮ್ ಸಾರಾಭಾಯ್

ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ಡಾ. ವಿಕ್ರಮ್ ಸಾರಾಭಾಯ್ ಅವರು 1919ರ ಆಗಸ್ಟ್ 12ರಂದು ಅಹಮದಾಬಾದಿನ ಪ್ರತಿಷ್ಠಿತ ಜೈನ ಮನೆತನದಲ್ಲಿ ಜನಿಸಿದರು. ತಂದೆ ಅಂಬಾಲಾಲ್ ಬಟ್ಟೆ ಗಿರಣಿಗಳ ಮಾಲೀಕರು, ತಾಯಿ ಸರಳಾದೇವಿ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಆರಂಭವಾದ್ದರಿಂದ ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. 1947ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು.

ಓದಿದವರಿಗೆ ಕೆಲಸದ ಅನುಭವವೂ ಸಿಗಬೇಕೆಂಬುದು ಅವರ ಕಾರ್ಯಗಳಲ್ಲೆಲ್ಲ ಕಾಣುತ್ತದೆ. ಜವಳಿ ಉದ್ಯಮಕ್ಕಾಗಿ ಕಟ್ಟಿದ ಅಟಿರಾ ಸಂಶೋಧನಾ ಸಂಸ್ಥೆಗೆ ಗಿರಣಿಯ ಅನುಭವವಿಲ್ಲದ ಯುವ ಪದವೀಧರರನ್ನು ಸೇರಿಸಿಕೊಂಡರು. ಗಿರಣಿಗಳ ನಿಜವಾದ ಸಮಸ್ಯೆಗಳನ್ನು ಬಿಡಿಸುತ್ತಲೇ ಅವರು ಪಳಗಿದರು. 1961ರಲ್ಲಿ ಅಹಮದಾಬಾದಿನಲ್ಲಿ ಐಐಎಂ ಸ್ಥಾಪನೆಯಾಗಲು ಅವರೇ ಮುಂದಾಳು. ಅಲ್ಲಿ ಉದ್ಯಮಗಳ ನೈಜ ಪ್ರಸಂಗಗಳೇ ಪಾಠ. ಇಂದು ಅಲ್ಲಿನ ಎರಡು ವರ್ಷಗಳ ಕೋರ್ಸ್‌ನ ನಡುವಿನ ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಕಂಪನಿಗಳಲ್ಲಿ ದುಡಿದು ಬರುತ್ತಾರೆ.

ಕೇರಳದ ತುಂಬಾದಲ್ಲಿ ರಾಕೆಟ್ ಕೇಂದ್ರ ಕಟ್ಟುವಾಗಲೂ ಇದೇ ದಾರಿ. ಅಬ್ದುಲ್ ಕಲಾಂ ಸೇರಿದಂತೆ ಯುವ ಎಂಜಿನಿಯರುಗಳನ್ನು ಅಮೆರಿಕದ ನಾಸಾಗೆ ತರಬೇತಿಗೆ ಕಳುಹಿಸಿದರು. 1963ರ ನವೆಂಬರ್ 21ರಂದು ತುಂಬಾದಿಂದ ಮೊದಲ ರಾಕೆಟ್ ಹಾರಿತು.

1971ರ ಡಿಸೆಂಬರ್ 30ರಂದು, 52ನೇ ವಯಸ್ಸಿನಲ್ಲಿ, ಕೋವಳಂನಲ್ಲಿ ಅವರು ನಿಧನರಾದರು. ತುಂಬಾದ ಕೇಂದ್ರಕ್ಕೆ ಈಗ ಅವರದೇ ಹೆಸರು.

ಕಾಲೇಜಿನಲ್ಲಿರುವ ನಮ್ಮ ಮಕ್ಕಳು ಇಂಟರ್ನ್‌ಶಿಪ್ ಆರಿಸಿಕೊಳ್ಳುವಾಗ, ಅಲ್ಲಿ ಅವರ ಕೈಗೆ ಯಾವ ಕೆಲಸ ಕೊಡುತ್ತಾರೆಂದು ಹೆತ್ತವರು ಮೊದಲು ವಿಚಾರಿಸಲಿ. ಸಾರಾಭಾಯ್ ಅವರ ಜೀವನ ಹೇಳುವ ಪಾಠ ಇದೇ.