ಬೀವರ್ ಮರಿಗಳನ್ನು ಸಾಕಿದ ಬೇಟೆಗಾರ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಸ್ಥಳ ಸೇರಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹೊಸ ಊರಿನಲ್ಲಿ ನಮ್ಮ ಪೂರ್ವೋತ್ತರ ಬಲ್ಲವರಿರುವುದಿಲ್ಲ. ನಾವು ಹೇಳಿದ್ದೇ ಹೆಸರು, ನಾವು ಹೇಳಿದ್ದೇ ಕುಲ. ಈ ಸ್ವಾತಂತ್ರ್ಯವನ್ನು ಒಬ್ಬಾತನು ಬಳಸಿಕೊಂಡ ಬಗೆಯನ್ನೂ ಅದರಿಂದಾದ ಒಳಿತು ಕೆಡುಕುಗಳನ್ನೂ ಇಂದು ವಾಚಕರ ಮುಂದಿಡಬಯಸುತ್ತೇವೆ.

ಆರ್ಚಿಬಾಲ್ಡ್ ಬೆಲೇನಿ 1888ನೆಯ ಇಸವಿ ಸಪ್ಟಂಬರ 18ರಂದು ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದಲ್ಲಿ ಜನಿಸಿದನು. ತಂದೆಯ ಆಸರೆಯಿಲ್ಲದ ಹುಡುಗನನ್ನು ಅಜ್ಜಿಯೂ ಇಬ್ಬರು ಸೋದರತ್ತೆಯರೂ ಸಾಕಿದರು. ಅವನಿಗೆ ಪ್ರಾಣಿಗಳೆಂದರೆ ಪ್ರೀತಿ; ಅಮೆರಿಕ ಖಂಡದ ಮೂಲನಿವಾಸಿಗಳ ಕಥೆಗಳೆಂದರೆ ಹುಚ್ಚು. 1906ರಲ್ಲಿ, 17ರ ವಯಸ್ಸಿನಲ್ಲಿ, ಹಡಗು ಹತ್ತಿ ಕೆನಡಾ ದೇಶಕ್ಕೆ ಹೋದನು. ಅಲ್ಲಿಯ ಒಂಟಾರಿಯೋ ಪ್ರಾಂತದ ಉತ್ತರದ ಕಾಡುಗಳಲ್ಲಿ ಒಜಿಬ್ವೆ ಜನರ ನಡುವೆ ಬಾಳಿ, ದೋಣಿ ನಡೆಸುವುದನ್ನೂ ಹಿಮದಲ್ಲಿ ನಡೆಯುವುದನ್ನೂ ಬಲೆ ಬೋನುಗಳ ವಿದ್ಯೆಯನ್ನೂ ಕಲಿತನು. ಕ್ರಮೇಣ ತಾನೂ ಮೂಲನಿವಾಸಿಯೇ ಎಂದು ಹೇಳಿಕೊಳ್ಳತೊಡಗಿದನು. ತಂದೆ ಸ್ಕಾಟ್ಲೆಂಡಿನವನು, ತಾಯಿ ಅಪಾಚಿ ಕುಲದವಳು, ಜನನ ಮೆಕ್ಸಿಕೋದಲ್ಲಿ ಎಂಬುದು ಅವನು ಕಟ್ಟಿದ ಕಥೆ. ಬೂದು ಗೂಬೆ ಎಂಬರ್ಥದ ಗ್ರೇ ಔಲ್ ಎಂಬ ಹೆಸರನ್ನು ಧರಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಹೋಗಿ, ಕಾಲಿಗೆ ಗಾಯ ಮಾಡಿಕೊಂಡು ಮರಳಿ ಕಾಡು ಸೇರಿದನು.

ಅವನ ಕಸುಬು ತುಪ್ಪಳಕ್ಕಾಗಿ ಬೀವರ್ ಪ್ರಾಣಿಗಳನ್ನು ಹಿಡಿಯುವುದು. ಬೀವರ್ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ ಜಲವಾಸಿ. ಹಲ್ಲಿನಿಂದ ಮರ ಕಡಿದು, ಕೊಂಬೆ ಕೆಸರುಗಳಿಂದ ತೊರೆಗೆ ಅಣೆಕಟ್ಟು ಕಟ್ಟುವ ಕುಶಲಿ. ಆ ಕಟ್ಟೆಯ ಹಿಂದೆ ನಿಂತ ನೀರನ್ನು ನಂಬಿ ಮೀನು, ಕಪ್ಪೆ, ಬಾತುಗಳು ಬದುಕುತ್ತವೆ. ಆದರೆ ಅದರ ತುಪ್ಪಳದಿಂದ ಐರೋಪ್ಯರು ಟೋಪಿ ಮಾಡುತ್ತಿದ್ದುದರಿಂದ ನೂರಾರು ವರ್ಷ ಅದರ ಬೇಟೆ ನಡೆದು, ಕೆನಡಾದ ಎಷ್ಟೋ ಕಡೆಗಳಲ್ಲಿ ಬೀವರ್ ಕಾಣದಾಗಿತ್ತು.

1925ರಲ್ಲಿ ಅನಾಹರಿಯೋ ಎಂಬ ಮೋಹಾಕ್ ವಂಶದ ತರುಣಿ ಅವನ ಸಂಗಾತಿಯಾದಳು. ಬೋನಿಗೆ ಬಿದ್ದ ಪ್ರಾಣಿಗಳ ಸಂಕಟವನ್ನು ಕಂಡು ಅವಳ ಕರುಳು ಕಿವುಚುತ್ತಿತ್ತು. 1928ರಲ್ಲಿ ಅವನು ಇಟ್ಟ ಬೋನಿಗೆ ತಾಯಿ ಬೀವರ್ ಬಲಿಯಾಗಿ ಎರಡು ಮರಿಗಳು ತಬ್ಬಲಿಗಳಾದವು. ಅವುಗಳನ್ನು ಉಳಿಸಲೇಬೇಕೆಂದು ಅವಳು ಬೇಡಿಕೊಂಡಳು. ಹಾಲು ಕುಡಿಸಿ ಸಾಕಿದ ಆ ಮರಿಗಳು ಮಕ್ಕಳಂತೆ ಗುಡಿಸಲಿನ ತುಂಬ ಓಡಾಡಿದವು. ಬೇಟೆಗಾರನ ಮನಸ್ಸು ತಿರುಗಿತು. ಇನ್ನು ಬೀವರ್‌ಗಳನ್ನು ಕೊಲ್ಲುವುದಿಲ್ಲವೆಂದು ನಿಶ್ಚಯಿಸಿದನು. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಅನ್ನ ಕೊಡುವ ಕಸುಬನ್ನು ಮನಸ್ಸಾಕ್ಷಿಗಾಗಿ ಬಿಡುವುದು ಎಂತಹ ಕಷ್ಟವೆಂಬುದನ್ನು, ದುಡಿದು ತಿನ್ನುವ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜೀವನಕ್ಕಾಗಿ ಅವನು ಲೇಖನಗಳನ್ನು ಬರೆದನು, ಭಾಷಣಗಳನ್ನು ಮಾಡಿದನು. ಆ ಮೊದಲ ಮರಿಗಳು ಮುಂದೆ ಕಾಡಿನಲ್ಲಿ ಕಣ್ಮರೆಯಾದವು. ಆ ದುಃಖದ ನಡುವೆಯೂ ಬೇರೆ ಬೀವರ್‌ಗಳನ್ನು ಸಾಕಿದನು. 1931ರಲ್ಲಿ ಕೆನಡಾ ಸರಕಾರವು ಅವನನ್ನು ರಾಷ್ಟ್ರೀಯ ಉದ್ಯಾನದ ಸೇವೆಗೆ ತೆಗೆದುಕೊಂಡಿತು. ಪ್ರಿನ್ಸ್ ಆಲ್ಬರ್ಟ್ ಉದ್ಯಾನದ ಅಜವಾನ್ ಸರೋವರದ ದಡದಲ್ಲಿದ್ದ ಅವನ ಮನೆಯೊಳಕ್ಕೇ ಬೀವರ್‌ಗಳು ತಮ್ಮ ಗೂಡನ್ನು ಕಟ್ಟಿಕೊಂಡಿದ್ದವು! ಬ್ರಿಟನ್ನಿನ ಭಾಷಣ ಸಂಚಾರಗಳಲ್ಲಿ ಸಭಾಂಗಣಗಳು ಕಿಕ್ಕಿರಿದು ತುಂಬಿದವು. 1936ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ಅವನ ಮಾತು ಕೇಳಿದ ಬಾಲಕರಲ್ಲಿ, ಮುಂದೆ 'ಗಾಂಧಿ' ಚಿತ್ರವನ್ನು ನಿರ್ದೇಶಿಸಿದ ರಿಚರ್ಡ್ ಅಟೆನ್‌ಬರೋ ಮತ್ತು ಅವರ ತಮ್ಮ ಡೇವಿಡ್ ಇದ್ದರು. 1937ರಲ್ಲಿ ಅರಮನೆಯಲ್ಲಿ ದೊರೆ ಆರನೆಯ ಜಾರ್ಜರ ಎದುರಿಗೂ ಮಾತನಾಡಿದನು.

ಈ ದುಡಿಮೆ ಶರೀರವನ್ನು ಸವೆಸಿತು. 1938ರ ಏಪ್ರಿಲ್ 13ರಂದು, 49ರ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಕೂಡಲೇ ನಾರ್ತ್ ಬೇ ಪಟ್ಟಣದ ಒಂದು ಪತ್ರಿಕೆ ಅವನ ನಿಜವಾದ ಜನ್ಮವೃತ್ತಾಂತವನ್ನು ಅಚ್ಚುಮಾಡಿತು. ಆ ಪತ್ರಿಕೆಗೆ ಈ ಗುಟ್ಟು ಸುಮಾರು 3 ವರ್ಷಗಳಿಂದ ತಿಳಿದಿತ್ತು. ಅವನ ಕೆಲಸ ಕೆಡಬಾರದೆಂದು ಅದುಮಿಟ್ಟಿತ್ತು. ಒಬ್ಬಳು ಹೆಂಡತಿಯಿರುವಾಗಲೇ ಇನ್ನೊಬ್ಬಳನ್ನು ಮದುವೆಯಾದುದೂ ಬಯಲಾಯಿತು. ಹೊಗಳಿದ ಜನರೇ ಮೋಸಗಾರನೆಂದರು. ಅವನೊಡನೆ ಅವನ ಉಪದೇಶಕ್ಕೂ ಬೆಲೆ ಹೋಯಿತು.

ಪತ್ರಿಕೆ ನಡೆಸುವ ನಾವು ಆ ಸಂಪಾದಕನ ಮೇಜಿನ ಮುಂದೆ ಕುಳಿತಿದ್ದರೆ ಏನು ಮಾಡುತ್ತಿದ್ದೆವು? ಹಲವು ಸಲ ಯೋಚಿಸಿದ್ದೇವೆ. ಕೈಬಿಟ್ಟ ಹೆಂಗಸರಿಗೂ, ತಾನು ವೇಷ ಧರಿಸಿದ ಜನಾಂಗಕ್ಕೂ ಅವನು ಮಾಡಿದ್ದು ಅನ್ಯಾಯವೇ. ಅದನ್ನು ನಾವು ಮುಚ್ಚಿಡಲಾರೆವು. ಆದರೆ ಬೀವರ್ ಕಟ್ಟಿದ ಕಟ್ಟೆ ನೀರನ್ನು ನಿಲ್ಲಿಸುವುದು ಸುಳ್ಳಲ್ಲ; ಅವನು ಉಳಿಸಿದ ಮರಿಗಳೂ ಸುಳ್ಳಲ್ಲ. ಕೆನಡಾದಲ್ಲಿ ಬೀವರ್ ಸಂತತಿ ಮುಂದೆ ಚೇತರಿಸಿಕೊಂಡಿತು. 1975ರಲ್ಲಿ ಆ ದೇಶವು ಬೀವರನ್ನೇ ತನ್ನ ರಾಷ್ಟ್ರಲಾಂಛನವನ್ನಾಗಿ ಮಾಡಿಕೊಂಡಿತು. 1999ರಲ್ಲಿ ರಿಚರ್ಡ್ ಅಟೆನ್‌ಬರೋ ಅವರು ತಾವು ಬಾಲ್ಯದಲ್ಲಿ ಕಂಡ ಈ ಮನುಷ್ಯನ ಕಥೆಯನ್ನು ಚಲನಚಿತ್ರವಾಗಿಸಿದರು.

ಹೇಸ್ಟಿಂಗ್ಸಿನ ಹುಡುಗನ ಮಾತನ್ನು ಲೋಕ ಕೇಳಲಾರದೆಂದು ಅವನು ಅಂಜಿರಬೇಕು. ಪ್ರಾಣಿಗಳ ಮೇಲಣ ಕರುಣೆಗೆ ಕುಲದ ರುಜುವಾತು ಬೇಡ. ಅದನ್ನರಿತು ತನ್ನ ಹೆಸರಿನಲ್ಲಿಯೇ ನುಡಿದಿದ್ದರೆ ಕೇಳುವವರು ಮೊದಲು ಕಡಿಮೆಯಿರುತ್ತಿದ್ದರೇನೋ. ಆದರೆ ಅವನು ಸತ್ತ ದಿನ ಅವನ ಮಾತು ಸಾಯುತ್ತಿರಲಿಲ್ಲ.